ಬಾವಿಕಟ್ಟೆಯ ಕಲ್ಲುಗಳು

ಸಂಜೆ ಐದು ಗಂಟೆ ಹತ್ತು ನಿಮಿಷಕ್ಕೆ ಮುಬೀನಾ ಬಾವಿಗೆ ಬಿದ್ದಳು. ಇಂದಿಗೂ ಪೋಸ್ಟರ್ ಅಂಟಿಸುವವರ ಬಕೆಟ್ಟಿನಿಂದ ಮೈದಾ ಅಂಟಿನ ಹುಳಿವಾಸನೆ ಬಂದರೆ ನಾನು ರಸ್ತೆ ದಾಟಿ ಆಚೆ ಬದಿಗೆ ಹೋಗುತ್ತೇನೆ. ರಾಯದುರ್ಗದ ನಮ್ಮ ಓಣಿಯಲ್ಲಿ ಆ ವಾಸನೆ ಮುಬೀನಾಳ ಅಜ್ಜಿ ಮಾಬಮ್ಮನ ಪಡಸಾಲೆಯದು. ಓಣಿಯ ಮುಸ್ಲಿಂ ಮಕ್ಕಳಿಗೆ ಅವಳು ಅರಬ್ಬೀ ಅಕ್ಷರ ಕಲಿಸುತ್ತಿದ್ದಳು. ಶುಕ್ರವಾರ ಪಾಠವಿಲ್ಲ, ಕೈಕೆಲಸ. ಜೀನ್ಸ್ ಹೊಲಿಯುವ ಅಂಗಡಿಯವರು ಎಸೆದ ಕಂದು ಕಾಗದದ ಮೇಲೆ ಬಣ್ಣದ ಕಾಗದದಲ್ಲಿ ಕತ್ತರಿಸಿದ ದೇವರ ಹೆಸರು, ಸುತ್ತಲೂ ಎಂಟು ಮೂಲೆಯ ನಕ್ಷತ್ರಗಳು. ನಾನು ಪಕ್ಕದ ಮನೆಯ ಹಿಂದೂ ಹುಡುಗಿ. ಬಾಗಿಲಲ್ಲಿ ನಿಂತು ನೋಡುತ್ತಿದ್ದವಳನ್ನು, "ನಿಂತ್ಕೊಂಡು ಯಾರರ ಕತ್ರಿ ಹಿಡೀತಾರೇನು? ಕುಂದ್ರು ಬಾ," ಎಂದು ಅವಳೇ ಒಳಗೆ ಕರೆದಳು. ಅಂದಿನಿಂದ ನಕ್ಷತ್ರಗಳೆಲ್ಲ ನನ್ನ ಪಾಲಿಗೆ.

ದೇವರ ಹೆಸರಿನ ಅಕ್ಷರವಿದ್ದ ಒಂದು ಚೂರೂ ಕಸಕ್ಕೆ ಹೋಗುವಂತಿರಲಿಲ್ಲ, ಕಾಲಿಗೆ ಸಿಗುವಂತಿರಲಿಲ್ಲ. ಜೀನ್ಸಿನ ತುಂಡುಗಳಿಂದ ಹೊಲಿದ ಚೀಲದಲ್ಲಿ ಕೂಡಿಟ್ಟು, ತುಂಬಿದ ಮೇಲೆ ಕಲ್ಲು ಕಟ್ಟಿ, ಯಾರೂ ನೀರು ಸೇದದ ಹಳೇ ಬಾವಿಗೆ ಬಿಡುತ್ತಿದ್ದೆವು. ಆ ವರ್ಷ ಗಂಟು ಹಾಕಿದವಳು ನಾನು. ಗಂಟು ಬಿಚ್ಚಿತು, ಕಲ್ಲು ಮುಳುಗಿತು, ಚೀಲ ತೇಲಿತು. ಮಳೆಗೆ ತುಂಬಿದ್ದ ಬಾವಿ. ಚೀಲವನ್ನು ಕೋಲಿನಿಂದ ಅದುಮಲು ಮುಬೀನಾ ಬಗ್ಗಿದಳು, ಕೈ ಊರಲು ಕಟ್ಟೆಯೇ ಇರಲಿಲ್ಲ. ಕಟ್ಟೆಯ ಕಲ್ಲುಗಳನ್ನು ಓಣಿಯ ಪುಢಾರಿ ತನ್ನ ಹೊಸ ಮನೆಯ ಮೆಟ್ಟಿಲಿಗೆ ಒಯ್ದಿದ್ದ. ಅದು ಎಲ್ಲರಿಗೂ ಗೊತ್ತಿತ್ತು. ಕೂಲಿಗೆ ಆ ಕಲ್ಲು ಹೊತ್ತವರಲ್ಲಿ ನಮ್ಮಪ್ಪನೂ ಒಬ್ಬ. ಮಾಬಮ್ಮ ಉಟ್ಟ ಸೀರೆ ಬಿಚ್ಚಿ ಇಳಿಬಿಟ್ಟಳು, ನಾನು ಅವಳ ಸೊಂಟ ಹಿಡಿದು ಹಿಂದಕ್ಕೆ ವಾಲಿದೆ. ನೀರಿನಲ್ಲಿ ಎರಡು ಸಲ ಜಡೆ ಕಂಡಿತು, ಮೂರನೆಯ ಸಲ ಸೀರೆ ಹಿಡಿದ ಕೈ. ಎದುರಿನ ಟೈಲರ್ ಓಡಿಬಂದು ಅವಳನ್ನು ಮೇಲೆಳೆದುಕೊಂಡ. ಅವಳು ಬದುಕಿದಳು.

ಪುಢಾರಿ ಬಂದವನೇ ಮಾಬಮ್ಮನ ಮೇಲೆ ಹರಿಹಾಯ್ದ. "ಕಾಗದ ಮುಳುಗ್ಸಾಕ ಸಣ್ಣ ಹುಡುಗ್ರನ್ನ ಕರ್ಕೊಂಡ್ ಬರ್ತಾರೇನವ್ವ? ಸಾಕು ಮಾಡು ನಿನ್ನ ಕ್ಲಾಸು." ಅಲ್ಲಿದ್ದವರು ಹೌದೆಂದು ತಲೆಯಾಡಿಸಿದರು. ಆ ಮುಖಗಳು ಒಂದೊಂದೂ ನನಗೆ ನೆನಪಿವೆ, ಒಂದನ್ನೂ ಕ್ಷಮಿಸಿಲ್ಲ.

ಮರುದಿನ ಮಾಬಮ್ಮ ನಮ್ಮನ್ನೆಲ್ಲ ಕರೆದೊಯ್ದು ಅವನ ಮೆಟ್ಟಿಲ ಮೇಲೆ ಕೂರಿಸಿದಳು. "ಬಾವಿ ಕಲ್ಲು ಎಲ್ಲಿ ಅದಾವೋ ಕ್ಲಾಸೂ ಅಲ್ಲೇರಿ," ಎಂದಳು. ಅಕ್ಷರಗಳು ನಮ್ಮ ತೊಡೆಯ ಮೇಲೆ. ಅಂಟು ಒಣಗಲೆಂದು ಮೆಟ್ಟಿಲ ತುಂಬ ಹರಡಿದ್ದು ನನ್ನ ನಕ್ಷತ್ರಗಳು ಮಾತ್ರ. ಅವನಿಗೆ ಆ ವ್ಯತ್ಯಾಸ ತಿಳಿಯದು, ಅವೂ ದೇವರ ಹೆಸರೇ ಎಂದುಕೊಂಡ. ದೇವರ ಹೆಸರು ತುಳಿಯುವ ಧೈರ್ಯ ಅವನಿಗೂ ಇರಲಿಲ್ಲ. ಚಪ್ಪಲಿ ಕೈಯಲ್ಲಿ ಹಿಡಿದು ಬಾಗಿಲಲ್ಲೇ ನಿಂತ.

"ಎತ್ತವ್ವ ಇವನ್ನ, ನಾ ಹೊರಗ ಹೋಗ್ಬೇಕು."

"ಒಣಗ್ಲಿ ತಡೀರಿ. ಅರ್ಜೆಂಟ್ ಇದ್ರ ಹಿತ್ತಲಾಗಿಂದ ಹೋಗ್ರಿ."

ಐದು ದಿನ ಅವನು ಹಿತ್ತಲಿನಿಂದಲೇ ಓಡಾಡಿದ. ಓಣಿ ನಕ್ಕಿತು. ಆರನೆಯ ದಿನ ಕಲ್ಲು ಕೀಳಿಸಿ ಕೊಟ್ಟ.

ಮಾಬಮ್ಮ ಈಗಿಲ್ಲ. ಆ ಪಡಸಾಲೆ ಇದ್ದ ಜಾಗದಲ್ಲಿ ಯಾರದೋ ಗೋದಾಮು. ನನ್ನ ಸಿಟ್ಟು ಮಾತ್ರ ಹಾಗೇ ಇದೆ. ಅವನು ಓಣಿಯ ನಗೆಗೆ ಅಂಜಿ ಕಲ್ಲು ಕೊಟ್ಟ, ಮುಳುಗಿ ಎದ್ದ ಹುಡುಗಿಗಾಗಿ ಅಲ್ಲ. ಆ ದಿನಗಳಲ್ಲಿ ಮುಬೀನಾ ರಾತ್ರಿ ಚೀರಿ ಏಳುತ್ತಿದ್ದಳು. ಗೋಡೆಯ ಈಚೆ ನಾನು ಹೊದಿಕೆಯ ಅಂಚಿಗೆ ಗಂಟು ಹಾಕಿ, ಬಿಚ್ಚುತ್ತದೋ ಎಂದು ಎಳೆದೆಳೆದು ನೋಡುತ್ತಿದ್ದೆ. ಕಟ್ಟೆ ಮತ್ತೆ ಕಟ್ಟಿದ ದಿನ ಅಪ್ಪ ಕೂಲಿ ಕೇಳಲಿಲ್ಲ. ಕೊನೆಯ ಕಲ್ಲು ಕೂರಿಸಿ, ತಾನೇ ಅದಕ್ಕೆ ಒರಗಿ ನೋಡಿ, ಮುಬೀನಾಳನ್ನು ಕರೆದ. ಅವಳು ಎರಡೂ ಕೈ ಊರಿ ಬಹಳ ಹೊತ್ತು ನೀರು ನೋಡಿದಳು. ಆ ರಾತ್ರಿ ಗೋಡೆಯಾಚೆಯಿಂದ ಚೀರುವ ದನಿ ಬರುವುದನ್ನೇ ಕಾಯುತ್ತ ಮಲಗಿದ್ದೆ. ಎಚ್ಚರವಾದಾಗ ಅಂಗಳದಲ್ಲಿ ಬಿಸಿಲಿತ್ತು.