ಪಾದ್ರಿ ತೋಟದ ಅವ್ವ

ಅವ್ವನ ಬಲಗಿವಿಯ ಹಾಲೆ ಪೂರ್ತಿ ಸೀಳಿಹೋಗಿ ಎರಡು ಎಳೆಯಾಗಿ ಜೋತಾಡುತ್ತಿತ್ತು. ಎಡಗಿವಿಯದು ಅಷ್ಟು ಹರಿದಿರಲಿಲ್ಲ. ತೂತು ಹಿಗ್ಗಿ, ಕೆಳಗೆ ತೆಳ್ಳನೆಯ ಒಂದು ಚರ್ಮದ ಎಳೆ ಉಳಿದುಕೊಂಡಿತ್ತು. ಮಧ್ಯಾಹ್ನ ಕೆಲಸ ಮುಗಿಸಿ ಅವಳು ಅಡುಗೆಮನೆಯ ಜಗಲಿಯ ಮೇಲೆ ಅಡ್ಡಾದರೆ ಸಣ್ಣ ಹುಡುಗರಲ್ಲಿ ಯಾರಾದರೊಬ್ಬ ಬಂದು ಪಕ್ಕದಲ್ಲಿ ಮಲಗಿ, ಆ ಎಡಗಿವಿಯ ತೂತಿಗೆ ಬೆರಳು ತೂರಿಸಿಕೊಂಡು ನಿದ್ದೆಹೋಗುತ್ತಿದ್ದ. ನೋಯುವುದಿಲ್ಲವೇ ಎಂದು ಒಮ್ಮೆ ಕೇಳಿದ್ದೆ. ನೋಯುವುದೆಲ್ಲ ಒಂದೇ ದಿನಕ್ಕೆ ಮುಗಿದುಹೋಯಿತು ಎಂದು ನಕ್ಕಿದ್ದಳು.

ನಾನು ಅವಳನ್ನು ಮೊದಲು ಕಂಡದ್ದು ದೊಡ್ಡ ಯುದ್ಧ ಮುಗಿದ ಮರುವರ್ಷ. ನಮ್ಮದು ಕೊಳ್ಳೇಗಾಲದಲ್ಲಿ ರೇಷ್ಮೆ ಸೀರೆ ನೇಯುವ ಮನೆ. ಹಿಂದಿನ ವರ್ಷ ಅಪ್ಪನ ಅಂಗೈಯಲ್ಲಿ ಕುರುವಾಗಿ, ಲಾಳಿ ಹಿಡಿಯಲಾಗದೆ ಮಗ್ಗ ನಿಂತುಹೋಗಿತ್ತು. ಮಿಷನ್ ದವಾಖಾನೆಯ ನರ್ಸಮ್ಮ ತಿಂಗಳುಗಟ್ಟಲೆ ತೊಳೆದು, ಕಟ್ಟಿ, ಕೈ ಉಳಿಸಿಕೊಟ್ಟಿದ್ದರು. ಅಲ್ಲಿಗೆ ಬಂದುಹೋಗುತ್ತಿದ್ದ ಒಬ್ಬರು ಪಾದ್ರಿಗಳು ಲೊಕ್ಕನಹಳ್ಳಿಯ ಆಚೆ ಕಾಡಿನಲ್ಲಿ, ಹೆತ್ತವರು ಬಿಟ್ಟುಹೋದ ಗಂಡುಮಕ್ಕಳನ್ನು ಸಾಕುತ್ತಿದ್ದಾರೆಂದೂ, ಮಲೇರಿಯಾಕ್ಕೆ ಹೆದರಿ ಯಾವ ಮೇಷ್ಟರೂ ಅಲ್ಲಿ ನಿಲ್ಲುತ್ತಿಲ್ಲವೆಂದೂ ಅಪ್ಪನಿಗೆ ತಿಳಿಯಿತು. ನಾನು ಹೈಸ್ಕೂಲು ಮುಗಿಸಿ, ಮೇಷ್ಟರ ಟ್ರೈನಿಂಗಿಗೆ ಸೀಟು ಸಿಗದೆ ಮನೆಯಲ್ಲಿದ್ದೆ. ಅಪ್ಪ ನನ್ನ ಇಷ್ಟ ಏನೆಂದು ಕೇಳಲಿಲ್ಲ. ಒಂದು ವರ್ಷ ಹೋಗಿ ಆ ಹುಡುಗರಿಗೆ ಕಲಿಸಿ ಬಾ, ಸಂಬಳದ ಮಾತೆತ್ತಬೇಡ ಎಂದರು. ಅಮ್ಮ ಅತ್ತಳು. ಎರಡು ಡಬ್ಬಿ ಅವಲಕ್ಕಿ ಕಟ್ಟಿಕೊಟ್ಟಳು.

ಹನೂರಿನವರೆಗೆ ಬಸ್ಸು, ಅಲ್ಲಿಂದ ಮುಂದೆ ಎತ್ತಿನ ಗಾಡಿ. ಲೊಕ್ಕನಹಳ್ಳಿ ದಾಟಿದ ಮೇಲೆ ಬಿದಿರು ಮೆಳೆಗಳು ದಾರಿಯ ಮೇಲೆ ಬಾಗಿ, ಗಾಡಿಯವನು ತಲೆ ತಗ್ಗಿಸಿಕೊಂಡೇ ಹೊಡೆಯುತ್ತಿದ್ದ. ಸುತ್ತಲಿನವರು ಆ ಜಾಗವನ್ನು ಪಾದ್ರಿ ತೋಟ ಎನ್ನುತ್ತಿದ್ದರು. ತೋಟವೇನೂ ಇರಲಿಲ್ಲ. ಒಂದು ಉದ್ದನೆಯ ನಾಡಹೆಂಚಿನ ಮನೆ, ಸಣ್ಣ ಪ್ರಾರ್ಥನೆಯ ಗುಡಿ, ಆನೆಗಳು ಬಿಟ್ಟಷ್ಟು ರಾಗಿ ಬೆಳೆಯುವ ಹೊಲ, ಹತ್ತೊಂಬತ್ತು ಹುಡುಗರು. ಮಳೆ ಹಿಡಿದರೆ ಹಳ್ಳ ತುಂಬಿ ನಾಲ್ಕು ದಿನ ಯಾರೂ ಬರುವಂತಿಲ್ಲ, ಹೋಗುವಂತಿಲ್ಲ.

ಮೊದಲ ದಿನ ಊಟಕ್ಕೆ ಕರೆದಾಗ ನಾನು ಹೋಗಲಿಲ್ಲ. ಯಾರ ಯಾರ ಮಕ್ಕಳೋ ಒಂದೇ ಸಾಲಿನಲ್ಲಿ ಕೂತು ಉಣ್ಣುವ ಜಾಗ. ನಾನು ಮಡಿಯ ಮನೆಯಿಂದ ಬಂದವನು. ಅಲ್ಲಿ ಅಡುಗೆ ಮಾಡಿ ಬಡಿಸುತ್ತಿದ್ದ ಅವ್ವ ಯಾಕೆ ಏನು ಎನ್ನಲಿಲ್ಲ. ಮರುದಿನ ಬೆಳಿಗ್ಗೆ ನನ್ನ ಕೋಣೆಯ ಮುಂದೆ ಒಂದು ಹೊಸ ಮಡಕೆ, ಮೂರು ಕಲ್ಲು, ಸ್ವಲ್ಪ ಅಕ್ಕಿ, ಒಂದು ಹಿಡಿ ಹುರುಳಿಕಾಳು ಇಟ್ಟುಹೋಗಿದ್ದಳು. ನನಗೆ ಅಡುಗೆ ಬರುತ್ತಿರಲಿಲ್ಲ. ಒಂದು ದಿನ ತಳ ಹತ್ತಿತು, ಇನ್ನೊಂದು ದಿನ ಬೇಯಲಿಲ್ಲ. ಆರನೆಯ ದಿನ ಅವಲಕ್ಕಿ ಮುಗಿಯಿತು. ಆ ಮಧ್ಯಾಹ್ನ ನಾನಾಗಿಯೇ ಹೋಗಿ ಹುಡುಗರ ಸಾಲಿನ ಕೊನೆಯಲ್ಲಿ ಕೂತೆ. ಅವಳು ಮುದ್ದೆ ಇಟ್ಟು, ಉಪ್ಸಾರು ಬಿಟ್ಟು, ದಿನವೂ ಬಡಿಸುವವಳಂತೆ ಮುಂದಿನವನ ಹತ್ತಿರ ಹೋದಳು. ಆ ಮಾತು ಆಮೇಲೆ ಯಾವತ್ತೂ ನಮ್ಮಿಬ್ಬರ ನಡುವೆ ಬರಲಿಲ್ಲ.

ಅಷ್ಟರಲ್ಲಿ ನಾನು ಒಂದು ವಿಷಯ ಗಮನಿಸಿದ್ದೆ. ಅವಳ ಕೊರಳಲ್ಲಿ ಲಿಂಗ ಕಟ್ಟಿದ ಶಿವದಾರವಿತ್ತು. ಬೆಳಿಗ್ಗೆ ಒಲೆ ಹೊತ್ತಿಸುವ ಮೊದಲು ಸ್ನಾನ ಮಾಡಿ, ಲಿಂಗವನ್ನು ಎಡ ಅಂಗೈಯಲ್ಲಿಟ್ಟು ಪೂಜಿಸಿ, ಹಣೆಗೆ ಮೂರು ಬೆರಳಿನ ವಿಭೂತಿ ಎಳೆದುಕೊಂಡು ಅಡುಗೆಮನೆಗೆ ಬರುತ್ತಿದ್ದಳು. ಆ ಹೊತ್ತಿಗೆ ಗುಡಿಯಲ್ಲಿ ಹುಡುಗರ ಪ್ರಾರ್ಥನೆ ನಡೆಯುತ್ತಿರುತ್ತಿತ್ತು. ಪಾದ್ರಿಗಳು ಕೊಯಮತ್ತೂರು ಕಡೆಯ ತಮಿಳಿನವರು, ಮಿತಭಾಷಿ. ಅವಳ ಪೂಜೆಗೆ ಅವರು ಅಡ್ಡಬರಲಿಲ್ಲ, ಅವರ ಪ್ರಾರ್ಥನೆಗೆ ಅವಳು ಹೋಗಲಿಲ್ಲ.

ಅವಳು ಅಲ್ಲಿಗೆ ಬಂದ ಕಥೆಯನ್ನು ಅವರೆಕಾಯಿ ಬಿಡಿಸುತ್ತ ಒಂದು ಮಧ್ಯಾಹ್ನ ಅವಳೇ ಹೇಳಿದಳು. ಮುಳ್ಳೂರಿನಲ್ಲಿ ಗದ್ದೆಯಿದ್ದ ಮನೆಯ ಸೊಸೆ. ಮಕ್ಕಳಿರಲಿಲ್ಲ. ಗಂಡ ಸತ್ತು ಹನ್ನೊಂದು ದಿನಕ್ಕೆ, ಇನ್ನು ಈ ಮನೆಯಲ್ಲಿ ನಿನಗೇನು ಎಂದು ಮೈದುನ ಜಗಳ ತೆಗೆದು, ಕಿವಿಯ ಓಲೆ ಬಿಚ್ಚಿಕೊಡುವಷ್ಟೂ ತಡೆಯದೆ ಎಳೆದುಕೊಂಡಿದ್ದ. ಅವಳು ಸೆರಗಿನಲ್ಲಿ ಕಿವಿ ಒತ್ತಿಕೊಂಡು ಕೊಳ್ಳೇಗಾಲದ ದವಾಖಾನೆಗೆ ನಡೆದುಬಂದಳು. ಕಟ್ಟು ಹಾಕಿಸಿಕೊಂಡು, ಎಲ್ಲಿಗೆ ಹೋಗುವುದೆಂದು ತೋಚದೆ ಜಗಲಿಯಲ್ಲಿ ಕೂತಿದ್ದಾಗ ಕಂಬದ ಪಕ್ಕದಲ್ಲಿ ಮೂರು ವರ್ಷದ ಒಂದು ಗಂಡುಕೂಸು ಬಟ್ಟೆ ಸುತ್ತಿಕೊಂಡು ಮಲಗಿರುವುದು ಕಾಣಿಸಿತು. ಮೈ ಕೆಂಡದಂತೆ ಸುಡುತ್ತಿತ್ತು. ಯಾರೂ ಬರಲಿಲ್ಲ. ಎತ್ತಿಕೊಂಡಳು. ಜ್ವರ ಇಳಿಯಲು ಒಂಬತ್ತು ದಿನ ಹಿಡಿಯಿತು. ಮಗುವನ್ನು ಪಾದ್ರಿ ತೋಟಕ್ಕೆ ಕಳಿಸುವಾಗ ಅದು ಅವಳ ಸೀರೆ ಬಿಡಲಿಲ್ಲ. ಗಾಡಿಯಲ್ಲಿ ಅವಳೂ ಹತ್ತಿದಳು. ಎರಡು ದಿನ ಇದ್ದು ಬರೋಣವೆಂದು ಹೋದವಳು ಅಲ್ಲೇ ಒಲೆಯ ಮುಂದೆ ನಿಂತುಬಿಟ್ಟಳು. ಸಂಬಳ ಕೊಡುತ್ತೇವೆಂದರೆ ಬೇಡವೆಂದಳು. ವರ್ಷಕ್ಕೆರಡು ಸೀರೆ ಸಾಕು ಎಂದಳು.

ಆ ಕೂಸೇ ನನ್ನ ತರಗತಿಯ ಅಂತೋಣಿ, ಹೆಸರು ಪಾದ್ರಿಗಳು ಇಟ್ಟದ್ದು. ನಾನು ಹೋದಾಗ ಅವನಿಗೆ ಒಂಬತ್ತು ವರ್ಷ. ಲೆಕ್ಕದಲ್ಲಿ ಚುರುಕು. ಅವ್ವ ಎಲ್ಲ ಹುಡುಗರನ್ನೂ ಮಗ ಎಂದೇ ಕರೆಯುತ್ತಿದ್ದಳು. ಬಡಿಸುವಾಗಲೂ ಬಯ್ಯುವಾಗಲೂ ಭೇದವಿರಲಿಲ್ಲ. ಆದರೆ ಹಳ್ಳಕ್ಕೆ ನೀರಿಗೆ ಹೋದ ಅಂತೋಣಿ ಬರುವುದು ತಡವಾದರೆ ಅವಳು ಸೌಟು ಹಿಡಿದುಕೊಂಡೇ ಅಂಗಳಕ್ಕೆ ಬಂದು ನಿಲ್ಲುತ್ತಿದ್ದಳು.

ರಾಗಿ ಕೊಯ್ಲು ಮುಗಿದ ಮೇಲೆ ಒಂದು ಬೆಳಿಗ್ಗೆ ಒಬ್ಬ ಮನುಷ್ಯ ಬಂದ. ಮಂಡಿಯವರೆಗೆ ಕೆಂಧೂಳು, ಹೆಗಲ ಮೇಲೆ ಕಂಬಳಿ. ಯಳಂದೂರು ಕಡೆಯಿಂದ ಬೆಟ್ಟ ಹತ್ತಿ ಇಳಿದು ಎರಡು ದಿನ ನಡೆದಿದ್ದನಂತೆ. ಅಂಗಳದಲ್ಲಿ ಕೈಮುಗಿದು ನಿಂತು, ಆರು ವರ್ಷದ ಹಿಂದೆ ಕೊಳ್ಳೇಗಾಲದ ದವಾಖಾನೆ ಜಗಲಿಯಲ್ಲಿ ಕೂಸನ್ನು ಬಿಟ್ಟುಹೋಗಿದ್ದೆ, ಮಾದ ಅಂತ ಹೆಸರು, ವಿಚಾರಿಸಿದರೆ ಇಲ್ಲಿದ್ದಾನೆ ಅಂದರು ಎಂದ.

ಅಂಥವರನ್ನು ಪಾದ್ರಿಗಳು ಮೊದಲೂ ಕಂಡಿದ್ದರು. ಹುಡುಗರು ದುಡಿಯುವ ವಯಸ್ಸಿಗೆ ಬಂದಾಗ ಇಲ್ಲದ ನೆಂಟರು ಹುಟ್ಟಿಕೊಳ್ಳುತ್ತಿದ್ದರು. ಹಿಂದೊಮ್ಮೆ ಸೋದರಮಾವನೆಂದು ಬಂದವನು ಒಬ್ಬ ಹುಡುಗನನ್ನು ಕರೆದೊಯ್ದು ಜೀತಕ್ಕೆ ಹಾಕಿದ್ದ. ಅವ್ವ ಹುಡುಕಿಕೊಂಡು ಹೋಗಿ ಬರಿಗೈಯಲ್ಲಿ ಬಂದಿದ್ದಳು. ಹಾಗಾಗಿ ಪಾದ್ರಿಗಳು, ಮಗುವಿಗೆ ಯಾವ ಬಟ್ಟೆ ಸುತ್ತಿದ್ದೆ ಎಂದು ಕೇಳಿದರು. ಹೆಂಡತಿಯ ಸೀರೆಯ ತುಂಡು, ದಾಳಿಂಬೆ ಬಣ್ಣದ್ದು, ಒಲೆಯ ಕಿಡಿ ಬಿದ್ದು ಸೆರಗಿನಲ್ಲಿ ಎರಡು ತೂತಾಗಿದ್ದವು ಎಂದ. ಪಾದ್ರಿಗಳು ಅವ್ವನ ಕಡೆ ತಿರುಗಿದರು. ಆ ಬಟ್ಟೆಯನ್ನು ಕಂಡವಳು ಅಲ್ಲಿ ಅವಳೊಬ್ಬಳೇ.

ಅವಳು ಒಳಗೆ ಹೋದಳು. ನಾನೂ ಹಿಂದೆಯೇ ಹೋದೆ. ನನಗೆ ಇಪ್ಪತ್ತು ತುಂಬಿರಲಿಲ್ಲ. ಆ ಮನುಷ್ಯನನ್ನು ಕಂಡು ಮೈಯೆಲ್ಲ ಉರಿಯುತ್ತಿತ್ತು.

"ಇಲ್ಲ ಅಂದ್ಬುಡವ್ವ," ಎಂದೆ. "ಯಾರಿಗೆ ಗೊತ್ತಾಗುತ್ತೆ?"

ಅವಳು ಮೂಲೆಯ ಪೆಟ್ಟಿಗೆ ತೆಗೆದು, ತಳದಿಂದ ಮಡಿಸಿಟ್ಟಿದ್ದ ಒಂದು ಬಟ್ಟೆ ಎಳೆದಳು. ದಾಳಿಂಬೆ ಬಣ್ಣ ಮಾಸಿತ್ತು. ಸುಟ್ಟ ತೂತು ಎರಡೂ ಇದ್ದವು. ಅದನ್ನು ತೊಡೆಯ ಮೇಲಿಟ್ಟುಕೊಂಡು ಸ್ವಲ್ಪ ಹೊತ್ತು ಕೂತಳು.

"ಇವತ್ತು ಇಲ್ಲ ಅಂದ್ಬುಟ್ರೆ, ನಾಳೆ ಆ ಉಡ್ಗನ ಮಕ ಎಂಗ್ ನೋಡ್ಲಿ ಮಗ?" ಎಂದಳು. ಆಮೇಲೆ ಎದ್ದು ಹೊರಗೆ ಹೋಗಿ ಬಟ್ಟೆಯನ್ನು ಅವನ ಕೈಗೆ ಕೊಟ್ಟಳು.

ಅವನು ಅದನ್ನು ಮುಖಕ್ಕೆ ಒತ್ತಿಕೊಂಡು ಕುಸಿದು ಕೂತ. ಅವ್ವನೇ ಕೇಳಿದಳು, ಯಾಕೆ ಬಿಟ್ಟೆ ಎಂದು. ಹೆಂಡತಿ ವಾಂತಿಭೇದಿಯಲ್ಲಿ ಸತ್ತಿದ್ದಳು. ಅವನನ್ನು ಘಟ್ಟದ ಕಾಫಿ ತೋಟಕ್ಕೆ ಕೆಲಸಕ್ಕೆ ಒಯ್ಯುವ ಲಾರಿ ನಿಂತಿತ್ತು. ಮಗುವಿಗೆ ಜ್ವರ.

"ನನ್ ಕೈಯಾಗೇ ಸತ್ತೋಯ್ತದೆ ಅನ್ಕಂಡೆ ಕಣವ್ವ," ಎಂದ ಅವನು. "ಉಣಸೆಮರದ ಮರೇಲಿ ನಿಂತ್ಕಂಡಿದ್ದೆ. ಯಾರೋ ಒಬ್ಬವ್ವ ಎತ್ಕಂಡ್ಳು. ತಲೆಗೆ ಬಟ್ಟೆ ಕಟ್ಟಿತ್ತು. ಎತ್ಕಂಡ್ಳಲ್ಲ ಅಂತ ಒಂಟೋದೆ."

"ನಾನೆಯ ಅದು," ಎಂದಳು ಅವ್ವ.

ಅವನು ಅವಳ ಪಾದದ ಮೇಲೆ ಬಿದ್ದ. ಅವಳು ಕಾಲು ಹಿಂದಕ್ಕೆಳೆದುಕೊಂಡು, ಮಗ ಈಗಲೇ ನಿನ್ನ ಜೊತೆ ಬರುವುದಿಲ್ಲ, ಎಳೆದುಕೊಂಡು ಹೋಗಲು ನಾನೂ ಬಿಡುವುದಿಲ್ಲ, ಹತ್ತು ದಿನ ಇಲ್ಲೇ ಇದ್ದು ಅವನ ಪಕ್ಕದಲ್ಲಿ ಕೂತು ಉಣ್ಣು, ಆಮೇಲೆ ಅವನೇ ಹೇಳಲಿ ಎಂದಳು. ಪಾದ್ರಿಗಳು ತಲೆಯಾಡಿಸಿದರು.

ಅಂತೋಣಿ ಮೊದಲ ಮೂರು ದಿನ ಅವನ ಕಡೆ ನೋಡಲಿಲ್ಲ. ಮಾದ ಎಂದು ಕರೆದರೆ ಬೇರೆ ಯಾರನ್ನೋ ಕರೆದಂತೆ ಸುಮ್ಮನಿರುತ್ತಿದ್ದ. ಆ ಮನುಷ್ಯ ಸೌದೆ ಒಡೆದ, ಬಿದ್ದುಹೋಗಿದ್ದ ಬೇಲಿ ಕಟ್ಟಿದ, ಊಟದ ಹೊತ್ತಿಗೆ ಮಗನ ಪಕ್ಕ ಕೂತು ತಲೆಯೆತ್ತದೆ ಉಂಡ. ನಾಲ್ಕನೆಯ ದಿನ ನನ್ನ ತರಗತಿಗೆ ಬಂದು, ಹಿಂದೆ ಕೂರಲೇ ಎಂದು ಕೇಳಿದ. ಬೇಡವೆನ್ನಲು ಬಾಯಿ ತೆರೆದಿದ್ದೆ. ಬಾಗಿಲಲ್ಲಿ ಅವ್ವ ನಿಂತಿದ್ದಳು. ಒಂದು ಸ್ಲೇಟು ಕೊಟ್ಟು ಕೂರಿಸಿದೆ. ಸಣ್ಣ ಹುಡುಗರಿಗೆಂದು ಅದರಲ್ಲಿ ಮೊದಲೇ ಅಕ್ಷರ ಬರೆದಿಟ್ಟಿದ್ದೆ. ಅವನು ಸ್ಲೇಟನ್ನು ತಲೆಕೆಳಗಾಗಿ ಹಿಡಿದು ಬೆರಳಿನಿಂದ ಅಕ್ಷರಗಳ ಮೇಲೆ ತಿದ್ದತೊಡಗಿದ. ಹುಡುಗರು ಕಿಸಕ್ಕನೆ ನಕ್ಕರು. ಅಂತೋಣಿ ನಗಲಿಲ್ಲ. ಎದ್ದು ಹಿಂದೆ ಹೋಗಿ, ಸ್ಲೇಟನ್ನು ತಿರುಗಿಸಿ ಅವನ ಕೈಯಲ್ಲಿಟ್ಟು ಬಂದು ತನ್ನ ಜಾಗದಲ್ಲಿ ಕೂತ. ಮರುದಿನ ಅವನೇ ಹಿಂದೆ ಹೋಗಿ ಅಪ್ಪನ ಪಕ್ಕ ಕೂತುಕೊಂಡ.

ಹನ್ನೊಂದನೆಯ ದಿನ ಬೆಳಿಗ್ಗೆ ಅಂತೋಣಿ ಅಡುಗೆಮನೆಗೆ ಹೋಗಿ, ತಾನು ಹೋದರೆ ಅವ್ವನಿಗೆ ನೀರು ತರುವವರು ಯಾರು ಎಂದು ಕೇಳಿದನಂತೆ. ಅದರಿಂದಲೇ ಅವಳಿಗೆ ತಿಳಿಯಿತು. ಅವಳು ಅವನ ತಲೆಗೆ ಎಣ್ಣೆ ಹಚ್ಚಿ ಬಾಚಿದಳು. ನಾಲ್ಕು ಮುದ್ದೆ ಕಟ್ಟಿಕೊಟ್ಟಳು. ಯಳಂದೂರಿನಲ್ಲಿ ಇಸ್ಕೂಲಿಗೆ ಹಾಕುತ್ತೇನೆಂದು ಅವನ ಅಪ್ಪನಿಂದ ಮಾತು ತೆಗೆದುಕೊಂಡಳು. ಅವರು ಬಿದಿರು ಮೆಳೆ ದಾಟುವವರೆಗೂ ಅಂಗಳದಲ್ಲಿ ನಿಂತಿದ್ದು, ಒಳಗೆ ಹೋಗಿ ಮಧ್ಯಾಹ್ನದ ಅಡುಗೆಗೆ ಎಸರಿಟ್ಟಳು. ಆ ದಿನದ ಸಾರಿನಲ್ಲಿ ಉಪ್ಪೇ ಇರಲಿಲ್ಲ.

ಎರಡು ತಿಂಗಳಾದ ಮೇಲೆ, ನೋಡಿಕೊಂಡು ಬರೋಣ ಬಾ ಎಂದು ನನ್ನನ್ನು ಹೊರಡಿಸಿದಳು. ಹನೂರು, ಕೊಳ್ಳೇಗಾಲ, ಅಲ್ಲಿಂದ ಮೈಸೂರು ಸೀಮೆಯ ಬಸ್ಸು ಹತ್ತಿ ಯಳಂದೂರು. ಊರಾಚೆ ಕೆರೆಯ ಕೆಳಗೆ ಹುಡುಗ ಎಮ್ಮೆ ಕಾಯುತ್ತಿದ್ದ. ಅವನ ಅಪ್ಪ ನಮ್ಮನ್ನು ಕಂಡು ಮುಖ ತಗ್ಗಿಸಿದ. ಎರಡು ಸಲ ಇಸ್ಕೂಲಿನವರೆಗೆ ಹೋಗಿ ಒಳಗೆ ಕಾಲಿಡಲು ಹೆದರಿ ಹಿಂದಕ್ಕೆ ಬಂದಿದ್ದನಂತೆ. ನಾನು ಬಯ್ಯಲು ಶುರುಮಾಡಿದೆ. ಅವ್ವ ನನ್ನ ತೋಳು ಹಿಡಿದು ಸುಮ್ಮನಾಗಿಸಿ, ಅವನನ್ನು ನೆರಳಿಗೆ ಕರೆದು ಕೂರಿಸಿ, ನಾವು ತಂದಿದ್ದ ನೀರನ್ನೇ ಕುಡಿಯಲು ಕೊಟ್ಟಳು.

"ನಿಂಗೆ ಎದ್ರಿಕೆ ಆದ್ರೆ ತಪ್ಪೇನಿಲ್ಲ ಕನಪ್ಪ," ಎಂದಳು. "ಒಬ್ನೇ ಓಗ್ಬ್ಯಾಡ. ಏಳು, ಎಲ್ರೂ ಓಗವ."

ನಾಲ್ವರೂ ಹೋದೆವು. ಹೆಡ್ ಮೇಷ್ಟರು ರಿಜಿಸ್ಟರು ಬಿಚ್ಚಿ ಹುಡುಗನ ಹೆಸರು ಕೇಳಿದರು. ಅಪ್ಪ ಅವ್ವನ ಮುಖ ನೋಡಿದ, ಅವ್ವ ಅಪ್ಪನ ಮುಖ ನೋಡಿದಳು. ಹುಡುಗ ಮುಂದೆ ಬಂದ.

"ಮಾದ, ಅಂತೋಣಿ. ಎರಡೂ ನಂದೇಯ ಸಾ. ಎರಡ್ನೂ ಬರ್ಕಳಿ."

ಅವರು ಒಮ್ಮೆ ಕನ್ನಡಕದ ಮೇಲಿನಿಂದ ನೋಡಿ, ಎರಡನ್ನೂ ಬರೆದುಕೊಂಡರು. ಬರುವಾಗ ಬಸ್ಸಿನಲ್ಲಿ ಅವ್ವ ಕೊಳ್ಳೇಗಾಲ ಬರುವವರೆಗೂ ಕಿಟಕಿಯ ಕಡೆ ಮುಖ ಮಾಡಿ ಕೂತಿದ್ದಳು. ಅಳುತ್ತಿದ್ದಳೋ ಏನೋ. ನಾನು ನೋಡಲು ಹೋಗಲಿಲ್ಲ.

ಆ ವರ್ಷ ಮುಗಿದು ನಾನು ಟ್ರೈನಿಂಗಿಗೆ ಹೊರಟೆ. ಆಮೇಲೆ ಕೆಲಸ, ಮದುವೆ. ವರ್ಷಕ್ಕೊಮ್ಮೆ ಹೋಗಿ ಬರುತ್ತಿದ್ದೆ. ಒಂದೆರಡು ವರ್ಷ ಅದೂ ತಪ್ಪಿತು. ಒಂದು ದಿನ ಶಾಲೆಯಿಂದ ಮನೆಗೆ ಬಂದರೆ ಜಗಲಿಯಲ್ಲಿ ಮೀಸೆ ಚಿಗುರುತ್ತಿದ್ದ ಎತ್ತರದ ಹುಡುಗನೊಬ್ಬ ತಲೆ ಬೋಳಿಸಿಕೊಂಡು ಕೂತಿದ್ದ. ಅಂತೋಣಿ. ಅವನು ಹೇಳುವ ಮೊದಲೇ ನನಗೆ ಗೊತ್ತಾಯಿತು. ಅವ್ವನಿಗೆ ಚಳಿಜ್ವರ ಬಂದು ಬಿಡಲೇ ಇಲ್ಲವಂತೆ. ಪಾದ್ರಿಗಳು ಹೇಳಿಕಳಿಸಿದ ಮೇಲೆ ಅಪ್ಪ ಮಗ ಇಬ್ಬರೂ ಬೆಟ್ಟ ದಾಟಿ ಹೋಗಿ ಹದಿನೈದು ದಿನ ಅವಳ ಹತ್ತಿರವೇ ಇದ್ದರಂತೆ. ಮುಳ್ಳೂರಿನಿಂದ ಯಾರೂ ಬರಲಿಲ್ಲ. ಲೊಕ್ಕನಹಳ್ಳಿಯಿಂದ ಒಬ್ಬ ಅಯ್ಯನವರು ಬಂದು, ಲಿಂಗವನ್ನು ಅವಳ ಅಂಗೈಯಲ್ಲಿಟ್ಟು, ಅವಳ ಪದ್ಧತಿಯಂತೆಯೇ ಕೂರಿಸಿ ಮಣ್ಣು ಮಾಡಿಸಿದರಂತೆ. ಪಾದ್ರಿಗಳು ಪಕ್ಕದಲ್ಲಿ ನಿಂತು ತಮ್ಮ ಪ್ರಾರ್ಥನೆ ಹೇಳಿದರಂತೆ. ಹುಡುಗರೆಲ್ಲ ಮಣ್ಣು ಹಾಕಿದರಂತೆ. ಕೊನೆಗೆ ಅವಳು ಏನಾದರೂ ಹೇಳಿದಳೇ ಎಂದು ನಾನು ಅವನನ್ನು ಕೇಳಿದೆ.

"ಐಕ್ಳು ಉಂಡ್ರಾ ಅಂತ ಕೇಳ್ತು ಸಾ. ಉಂಡ್ರು ಅಂದೆ."

ಮೂವತ್ತಮೂರು ವರ್ಷ ನಾನು ಮೇಷ್ಟರಾಗಿದ್ದೆ. ಪಾಠ ಹೇಳುವುದನ್ನು ಟ್ರೈನಿಂಗ್ ಶಾಲೆ ಕಲಿಸಿತು. ಮಗನನ್ನು ತಡವಾಗಿ ಕರೆತಂದು, ಬಾಗಿಲ ಹೊರಗೆ ಚಪ್ಪಲಿ ಬಿಟ್ಟು, ಒಳಗೆ ಬರಲಾಗದೆ ನಿಂತ ಎಷ್ಟೋ ಅಪ್ಪಂದಿರನ್ನು ಕಂಡಿದ್ದೇನೆ. ಯಾಕಯ್ಯಾ ಇಷ್ಟು ದಿನ ಎಲ್ಲಿದ್ದೆ ಎನ್ನುವ ಮಾತು ಪ್ರತಿಸಲವೂ ನಾಲಿಗೆಯ ತುದಿಗೆ ಬಂದಿದೆ. ಒಬ್ಬರನ್ನೂ ನಿಲ್ಲಿಸಿಕೊಂಡು ಕೇಳಿಲ್ಲ. ಮೊದಲು ಒಳಗೆ ಕರೆದು ಬೆಂಚಿನ ಮೇಲೆ ಕೂರಿಸಿದ್ದೇನೆ, ನೀರು ತರಿಸಿ ಕೊಟ್ಟಿದ್ದೇನೆ. ಅವರು ಕುಡಿದು ಲೋಟ ಕೆಳಗಿಟ್ಟ ಮೇಲೆ ರಿಜಿಸ್ಟರು ಬಿಚ್ಚಿದ್ದೇನೆ.