ಸ್ಟೇರಿಂಗಿನ ಕೆಂಪು ಎಣ್ಣೆ

ಎಂಬತ್ತರ ದಶಕದ ನಡುವಿನ ಮಾತು. ಅಡಿಕೆ ವ್ಯಾಪಾರಕ್ಕೆಂದು ಬೊಂಬಾಯಿಗೆ ಹೋದ ನನ್ನ ಗಂಡ ಅಲ್ಲಿಂದ ಹಳೆಯದೊಂದು ಫಾರಿನ್ ಸ್ಪೋರ್ಟ್ಸ್ ಕಾರು ತಂದಿದ್ದರು. ಎರಡೇ ಬಾಗಿಲು, ತೀರಾ ತಗ್ಗು. ನಮ್ಮ ಹೊನ್ನಾಳಿಯ ರಸ್ತೆಗುಂಡಿಗಳಿಗೆ ಅದರ ಹೊಟ್ಟೆ ಉಜ್ಜುತ್ತಿತ್ತು. ಆದರೂ ಇವರಿಗೆ ಅದರ ಮೇಲೆ ಜೀವ. ಎಣ್ಣೆಯ ಬಲದಿಂದ ನಡೆಯುವ ಅದರ ಪವರ್ ಸ್ಟೇರಿಂಗ್ ಒಂದೇ ಬೆರಳಿಗೆ ತಿರುಗುತ್ತದೆಂದು ಬಂದವರಿಗೆಲ್ಲ ತೋರಿಸುತ್ತಿದ್ದರು.

ಆ ಬೇಸಿಗೆಯಲ್ಲಿ ಸ್ಟೇರಿಂಗ್ ಬಿಗಿಯಾಯಿತು. ತಿರುವು ಬಂದರೆ ನರಳುತ್ತಿತ್ತು. ನಾಳೆ ನೋಡೋಣ ಎನ್ನುತ್ತಿದ್ದಾಗಲೇ, ನನ್ನ ತವರು ಜಗಳೂರಿನಲ್ಲಿ ಅವ್ವ ಬಚ್ಚಲಲ್ಲಿ ಜಾರಿ ಬಿದ್ದ ಸುದ್ದಿ ಬಂತು. ನಾನು ಬಸ್ಸಿಗೆ ಹೊರಟು ನಿಂತೆ. ಇವರು ಕೇಳಲಿಲ್ಲ. ದಾವಣಗೆರೆಯಲ್ಲಿ ಬಸ್ಸು ಬದಲಿಸಿ ಕಾಯುವುದರೊಳಗೆ ಕಾರು ಜಗಳೂರು ಮುಟ್ಟುತ್ತದೆ, ಸ್ವಲ್ಪ ಎಣ್ಣೆ ಹಾಕಿದರಾಯಿತು ಎಂದರು. ಪೇಟೆಯಿಂದ ಬ್ರೇಕ್ ಆಯಿಲ್ ಡಬ್ಬಿ ತಂದರು. ನಡೆಯುತ್ತದೆ ಅಂತ ಅಂಗಡಿಯವರು ಹೇಳಿದ್ದರಂತೆ.

ನನಗೆ ನಿಂತಲ್ಲಿ ನಿಲ್ಲಲಾಗುತ್ತಿರಲಿಲ್ಲ. ಬಾನೆಟ್ ಎತ್ತಿದಾಗ ನಾನೂ ಬಗ್ಗಿ ನೋಡಿದೆ. ಸ್ಟೇರಿಂಗ್ ಎಣ್ಣೆ ಹಾಕುವಲ್ಲಿನ ಜಿಡ್ಡು ಹಿಡಿದ ಮುಚ್ಚಳವನ್ನು ಬಟ್ಟೆಯಲ್ಲಿ ಒರೆಸಿದರೆ ಕೆಳಗೆ ಸಣ್ಣ ಇಂಗ್ಲಿಷ್ ಅಕ್ಷರಗಳು: ಆಟೊಮ್ಯಾಟಿಕ್ ಗೇರಿನ ಗಾಡಿಗಳಿಗೆ ಬಳಸುವ ಎಣ್ಣೆ ಮಾತ್ರ ಹಾಕಬೇಕು.

“ಬ್ರೇಕ್ ಆಯಿಲ್ ಬ್ಯಾಡ್ರಿ. ಇಲ್ಲಿ ಬ್ಯಾರೇದು ಬರ್ದಾರೆ.”

“ಹೊತ್ತಾಗೈತೆ. ಅದೂ ಎಣ್ಣೆ, ಇದೂ ಎಣ್ಣೆ.”

“ನಡುದಾರ್ಯಾಗೆ ಸ್ಟೇರಿಂಗ್ ಕೈಕೊಟ್ರೆ ಅವ್ವನ್ನ ನೋಡಾಕೆ ಹೆಂಗೆ ಹೋಗದು?”

ಇವರು ಸಿಡುಕಿದರು, ಆದರೆ ಡಬ್ಬಿ ತೆರೆಯಲಿಲ್ಲ. ನ್ಯಾಮತಿಯಲ್ಲಿ ಬುಲ್ಡೋಜರ್ ಇಟ್ಟುಕೊಂಡಿದ್ದ ಗೆಳೆಯರೊಬ್ಬರಿದ್ದರು. ಆ ಯಂತ್ರಕ್ಕೂ ಅಂಥದೇ ಎಣ್ಣೆ ಬೇಕಾಗುವುದರಿಂದ ಅವರ ಹತ್ತಿರ ಇರಬಹುದೆಂದು ಬೈಕ್ ಹತ್ತಿ ಹೋದರು. ನಾನು ಬಾಗಿಲಿಗೂ ಅಡುಗೆಮನೆಗೂ ತಿರುಗಿದ್ದೇ ತಿರುಗಿದ್ದು. ದಾವಣಗೆರೆ ಬಸ್ಸಿನ ಹಾರ್ನ್ ಕೇಳಿದಾಗಲೆಲ್ಲ ಚೀಲ ಎತ್ತಿಕೊಂಡು, ಮತ್ತೆ ಇಳಿಸಿದೆ.

ತಂದ ಎಣ್ಣೆ ಕುಂಕುಮದ ನೀರಿನಂತೆ ಕೆಂಪಗಿತ್ತು. ಬ್ರೇಕ್ ಆಯಿಲ್ ಹಾಕಿದ್ದರೆ ಒಳಗಿನ ರಬ್ಬರೆಲ್ಲ ಉಬ್ಬಿ ಹಾಳಾಗುತ್ತಿತ್ತಂತೆ. ಅದನ್ನು ಇವರೇ ಹೇಳಿದರು, ನನ್ನ ಕಡೆ ನೋಡದೆ. ಜಾಕ್ ಕೊಟ್ಟು ಮುಂದಿನ ಗಾಲಿಗಳನ್ನೆತ್ತಿ, ಪೈಪು ಬಿಚ್ಚಿದರು. ಹಳೆಯ ಎಣ್ಣೆ ಕಪ್ಪಾಗಿ, ಸುಟ್ಟ ವಾಸನೆ ಹೊಡೆಯುತ್ತ ಬೋಗುಣಿಗಿಳಿಯಿತು. ಪೂರ್ತಿ ಹೊರಬರಬೇಕಾದರೆ ಯಾರಾದರೂ ಸ್ಟೇರಿಂಗ್ ತಿರುಗಿಸಬೇಕು. ಮನೆಯಲ್ಲಿದ್ದವಳು ನಾನೊಬ್ಬಳೇ. ಮೊದಲ ಸಲ ಡ್ರೈವರ್ ಸೀಟಿನಲ್ಲಿ ಕೂತೆ. ಎಡಕ್ಕೆ, ಬಲಕ್ಕೆ, ತೋಳು ಸೋಲುವವರೆಗೆ ತಿರುಗಿಸಿದೆ. ಪೈಪು ಕೂಡಿಸಿ ಹೊಸ ಎಣ್ಣೆ ಸುರಿದ ಮೇಲೂ, ಗಾಳಿಗುಳ್ಳೆ ನಿಲ್ಲುವ ತನಕ ಅದೇ ಕೆಲಸ. ಕೊನೆಗೆ ಎಂಜಿನ್ ಶುರುಮಾಡಿದಾಗ ಸ್ಟೇರಿಂಗ್ ಥಟ್ಟನೆ ಹಗುರಾಯಿತು. ಸಾಕು, ಇಳಿ ಎಂದರೂ ಕೈ ಬಿಡಲು ನನಗೆ ಮನಸ್ಸಾಗಲಿಲ್ಲ.

ಜಗಳೂರು ಮುಟ್ಟಿದಾಗ ಸಂಜೆ. ಅವ್ವ ಬಿದಿರ ದಬ್ಬೆ ಕಟ್ಟಿದ ಕೈಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು. ಇಷ್ಟು ಹೊತ್ತಾದದ್ದೇಕೆಂದು ಕೇಳಿ, ಎಣ್ಣೆಯ ಕತೆಯನ್ನೆಲ್ಲ ಕೇಳಿಸಿಕೊಂಡು, “ಬಸ್ಸಿಗೆ ಬರಾಕೆ ಏನಾಗಿತ್ತು?” ಎಂದಳು. ಇವರು ತಲೆ ತಗ್ಗಿಸಿ ಚಹಾ ಕುಡಿದರು.

ಅವಳ ಕೈ ಕೂಡುವವರೆಗೆ ನಾನು ಅಲ್ಲೇ ಉಳಿದೆ. ಇವರು ಆಗಾಗ ಕಾರಿನಲ್ಲಿ ಬಂದು ಹೋಗುತ್ತಿದ್ದರು. ಒಂದು ಬೆಳಿಗ್ಗೆ, ನನಗೂ ಕಲಿಸಿ ಎಂದು ಕೇಳಿದೆ. ನೀರಿಲ್ಲದ ಕೆರೆಯಂಗಳಕ್ಕೆ ಕರೆದೊಯ್ದು ಕೀಲಿ ಕೊಟ್ಟರು. ಕ್ಲಚ್ ಬಿಟ್ಟ ಕೂಡಲೇ ಕಾರು ಜಗ್ಗಿ ಜಗ್ಗಿ ನಿಂತುಬಿಟ್ಟಿತು. ಇವರು ಎರಡೂ ಕೈಯಲ್ಲಿ ಡ್ಯಾಶ್‌ಬೋರ್ಡ್ ಹಿಡಿದು ಕೂತಿದ್ದರು. ನಾನು ಮತ್ತೆ ಕೀಲಿ ತಿರುಗಿಸಿದೆ.