ಚನ್ನಬಸವರಾಜನ ಬಿಚ್ಚದ ಡಬ್ಬಿಗಳು

ಬಳ್ಳಾರಿಯಲ್ಲಿ ಹೊಲಿದ ಜೀನ್ಸ್ ಪ್ಯಾಂಟು ಯಾವ ದೇಶದಲ್ಲಿ ಹುಟ್ಟಿತೆಂದು ತೀರ್ಮಾನಿಸುವವನು ನಮ್ಮ ಓಣಿಯ ಚನ್ನಬಸವರಾಜ. ಹೊಲಿದು, ತೊಳೆದು, ಒಣಗಿದ ಪ್ಯಾಂಟು ಅವನ ಶೆಡ್ಡಿಗೆ ಬರುತ್ತದೆ. ಅಲ್ಲಿ ಹಿಂದೆ ಒಂದು ಚರ್ಮದ ಲೇಬಲ್ಲು, ಮುಂದೆ ಒಂದು ಹಿತ್ತಾಳೆ ಗುಂಡಿ, ಸೊಂಟಕ್ಕೊಂದು ರಟ್ಟಿನ ಚೀಟಿ ಹಚ್ಚುತ್ತಾರೆ. ಒಂದೇ ತಾನಿನಿಂದ ಕತ್ತರಿಸಿದ ಮೂರು ಪ್ಯಾಂಟುಗಳಲ್ಲಿ ಒಂದು ಇಟಲಿಯದಾಗುತ್ತದೆ, ಒಂದು ಅಮೆರಿಕದ್ದಾಗುತ್ತದೆ. ಮೂರನೆಯದು, ಲೇಬಲ್ಲು ಮುಗಿದುಹೋದ ಕಾರಣಕ್ಕೆ, ಬಳ್ಳಾರಿಯದಾಗಿಯೇ ಉಳಿದು ಸಿರುಗುಪ್ಪದ ಸಂತೆಗೆ ಹೋಗುತ್ತದೆ. ಲೇಬಲ್ಲು ನೋಡಿ ಕೊಳ್ಳುವವರು ಶುದ್ಧ ದಡ್ಡರೆಂದು ಅವನು ನನ್ನೆದುರೇ ಎಷ್ಟೋ ಸಲ ನಕ್ಕಿದ್ದಾನೆ.

ಇಂಥ ಜಾಣ ಮನೆಗೆ ಬಂದು ಚಪ್ಪಲಿ ಬಿಟ್ಟ ಕೂಡಲೇ ಬೇರೆ ಮನುಷ್ಯನಾಗುತ್ತಾನೆ. ದೇವರ ಕೋಣೆಯ ಪಕ್ಕದ ಗಾಜಿನ ಬೀರುವಿನಲ್ಲಿ ಅವನ ಐದು ರಟ್ಟಿನ ಡಬ್ಬಿಗಳಿವೆ. ಒಳಗಿರುವುದು ಪ್ಲಾಸ್ಟಿಕ್ಕಿನ ಬಿಡಿಭಾಗಗಳು. ಗೋಂದು ಹಚ್ಚಿ ಜೋಡಿಸಿದರೆ ಗೇಣುದ್ದದ ಯುದ್ಧವಿಮಾನವಾಗುತ್ತದೆ. ಐವತ್ತು ವರ್ಷದ ಹಿಂದೆ ಇಂಗ್ಲೆಂಡಿನ ಯಾವುದೋ ಕಂಪನಿ ಇದರ ಅಚ್ಚು ಮಾಡಿತು. ಅದೇ ಅಚ್ಚನ್ನು ಎರವಲು ಪಡೆದು ಅಮೆರಿಕ, ಜಪಾನ್, ಬ್ರೆಜಿಲ್, ಮೆಕ್ಸಿಕೋದವರು ತಂತಮ್ಮ ಡಬ್ಬಿಯಲ್ಲಿ ತುಂಬಿ ಮಾರಿದರು. ವಿಮಾನ ಒಂದೇ, ಮೇಲಿನ ಚಿತ್ರ ಮಾತ್ರ ಬೇರೆ. ಚನ್ನಬಸವರಾಜ ಹದಿನೆಂಟು ವರ್ಷ ಹುಡುಕಾಡಿ ಐದನ್ನೂ ಸಂಪಾದಿಸಿದ್ದಾನೆ, ಒಂದನ್ನೂ ಬಿಚ್ಚಿಲ್ಲ. ಬಿಚ್ಚಿದರೆ ಬೆಲೆ ಹೋಗುತ್ತದಂತೆ. ಹಾಗಾದರೆ ಲೇಬಲ್ಲು ಕೊಳ್ಳುವ ದಡ್ಡ ಯಾರಪ್ಪ ಎಂದು ಕೇಳಿದ್ದಕ್ಕೆ ಎರಡು ವಾರ ನನ್ನ ಜೊತೆ ಮಾತು ಬಿಟ್ಟಿದ್ದ.

ಅವನ ಹೆಂಡತಿ ಶೈಲಜಾಗೆ ಬೀರು ಒರೆಸುವ ಹಕ್ಕಿದೆ, ಡಬ್ಬಿ ಎತ್ತುವ ಹಕ್ಕಿಲ್ಲ. ಒಂದೇ ಒಂದು ಸಲ ಮೆಕ್ಸಿಕೋ ಡಬ್ಬಿಯನ್ನು ಎತ್ತಿ, ಒಳಗೆ ಏನೂ ಸಪ್ಪಳವಿಲ್ಲವಲ್ಲ ಎಂದಿದ್ದಳು. ಫಾರಿನ್ ಪ್ಯಾಕಿಂಗ್ ಅಂದರೆ ಹಾಗೇ ಇರುತ್ತದೆ ಎಂದು ಗದರಿಸಿ, ಉಳಿದವನ್ನು ಮುಟ್ಟದಂತೆ ಮಾಡಿದ.

ಅವನ ಕೊರಗು ಆರನೆಯ ಡಬ್ಬಿಯದು. ಎಂಬತ್ತರ ದಶಕದಲ್ಲಿ ಅದೇ ಅಚ್ಚಿನ ವಿಮಾನವನ್ನು ಸ್ವಲ್ಪ ದಿನ ಮದ್ರಾಸಿನಲ್ಲೂ ಮಾಡಿದ್ದರಂತೆ. ಆ ಡಬ್ಬಿಯ ಫೋಟೋ ಬಿಟ್ಟರೆ ಮತ್ತೇನೂ ಅವನ ಕಣ್ಣಿಗೆ ಬಿದ್ದಿರಲಿಲ್ಲ. ನಾನು ಕುರುಗೋಡಿನ ಶಾಲೆಯಲ್ಲಿ ಮೇಷ್ಟರು. ಸಮೀಕ್ಷೆಯ ಕೆಲಸಕ್ಕೆಂದು ಅಲ್ಲಿ ಉಚ್ಚೆಂಗೆಮ್ಮ ಎಂಬ ಮುದುಕಿಯ ಮನೆಗೆ ಹೋಗಿ ರೇಷನ್ ಕಾರ್ಡು ಕೇಳಿದರೆ, ಆಕೆ ಒಳಗಿನಿಂದ ಆ ಡಬ್ಬಿಯನ್ನೇ ತಂದು, ಮುಚ್ಚಳ ತೆಗೆದು ಕಾರ್ಡು ಕೊಟ್ಟಳು. ಅದೇ ವಿಮಾನದ ಚಿತ್ರ, ಮೂಲೆಯಲ್ಲಿ ಮದ್ರಾಸಿನ ಹೆಸರು. ಸಂಜೆ ಬಂದು ಚನ್ನಬಸವರಾಜನಿಗೆ ಹೇಳಿ ತಪ್ಪು ಮಾಡಿದೆ.

ಭಾನುವಾರ ನನ್ನನ್ನು ಬೈಕಿನ ಹಿಂದೆ ಕೂರಿಸಿಕೊಂಡು ಕುರುಗೋಡಿಗೆ ಹೊರಟ. ಉಚ್ಚೆಂಗೆಮ್ಮನ ಗಂಡ ಚಂದ್ರಣ್ಣ ಲಾರಿ ಡ್ರೈವರು. ಸಿರುಗುಪ್ಪದ ಅಕ್ಕಿ ಮದ್ರಾಸಿಗೆ ಹೊಡೆಯುತ್ತಿದ್ದ. ಒಮ್ಮೆ ಬರುವಾಗ ಈ ಡಬ್ಬಿ ತಂದು, ಎರಡು ದಿನ ಲಾರಿ ಬಿಟ್ಟು ಮನೆಯಲ್ಲೇ ಕೂತು ವಿಮಾನ ಜೋಡಿಸಿದನಂತೆ. ಅವನು ತೀರಿಹೋಗಿ ಆರು ವರ್ಷವಾಯಿತು. ವಿಮಾನ ಈಗಲೂ ಟಿವಿಯ ಮೇಲಿದೆ. ಒಂದು ಗಾಲಿ ಕಳೆದುಹೋಗಿ, ಬೆಂಕಿಪೊಟ್ಟಣಕ್ಕೆ ಒರಗಿ ನಿಂತಿದೆ. ಚನ್ನಬಸವರಾಜ ಅದರ ಕಡೆ ತಿರುಗಿಯೂ ನೋಡಲಿಲ್ಲ. ಡಬ್ಬಿಗೆ ಬದಲು ಬೀಗವಿರುವ ಸ್ಟೀಲಿನ ಪೆಟ್ಟಿಗೆ ಕೊಡುತ್ತೇನೆ ಎಂದ, ಮನೆಮಂದಿಗೆಲ್ಲ ಪ್ಯಾಂಟು ಎಂದ. ಮುದುಕಿ ಎಲ್ಲವನ್ನೂ ಕೇಳಿಸಿಕೊಂಡಳು.

"ಕಾರ್ಡು ಇಡಾಕ ನನಗ ಯಾ ಡಬ್ಬಿ ಆದ್ರೇನು ತಮ್ಮಾ. ನಮ್ಮನಿಯವ್ರು ಮಾಡಿದ ಇಮಾನ ಕುಂಟು ಆಗೇತಿ ನೋಡು. ನಿನ್ನತ್ರ ಇಂಥವಾ ಐದು ಅದಾವು ಅಂತಿ. ಒಂದು ಗಾಲಿ ತಗಂಬಾ, ಡಬ್ಬಿ ತಗಂಡು ಹೋಗು."

ವಾಪಸ್ ಬರುವಾಗ ದಾರಿಯುದ್ದಕ್ಕೂ ಅವನು ಐದು ದೇಶಗಳ ಹೆಸರು ಎಣಿಸುತ್ತ ಬೈಕು ಓಡಿಸಿದ. ಆರನೆಯದು ಬೇಕೆಂದರೆ ಐದರಲ್ಲಿ ಒಂದನ್ನು ಹರಿಯಬೇಕು. ಇಡೀ ವಾರ ಊಟ ಸೇರಲಿಲ್ಲ ಅವನಿಗೆ. ಇಂಗ್ಲೆಂಡು ಮೂಲಪುರುಷ, ಮುಟ್ಟುವಂತಿಲ್ಲ. ಜಪಾನಿನ ಚಿತ್ರ ಚೆಂದ. ಅಮೆರಿಕಕ್ಕೆ ಬ್ಲೇಡು ಹಾಕಲು ಎದೆ ಬರಲಿಲ್ಲ. ಬ್ರೆಜಿಲ್ ಸಿಕ್ಕಿದ್ದು ಹೋದ ವರ್ಷವಷ್ಟೇ. ಉಳಿದದ್ದು ಬಡಪಾಯಿ ಮೆಕ್ಸಿಕೋ. ಶನಿವಾರ ಸ್ನಾನ ಮಾಡಿ, ವಿಭೂತಿ ಹಚ್ಚಿಕೊಂಡು, ನನ್ನನ್ನೂ ಶೈಲಜಾಳನ್ನೂ ಸಾಕ್ಷಿಗೆ ನಿಲ್ಲಿಸಿ ಮೇಲಿನ ಪ್ಲಾಸ್ಟಿಕ್ ಹಾಳೆಯನ್ನು ಕೊಯ್ದ.

ಒಳಗೆ ವಿಮಾನವಿರಲಿಲ್ಲ. ಮುದುಡಿ ತುರುಕಿದ ಹಳೆಯ ಪೇಪರಿತ್ತು. ಬಿಡಿಸಿ ನೋಡಿದರೆ ತೆಲುಗು. ಬಳ್ಳಾರಿಯವನಿಗೆ ತೆಲುಗು ಓದಲು ಯಾರ ಸಹಾಯವೂ ಬೇಡ. ಆದೋನಿಯ ಕಲ್ಯಾಣಮಂಟಪವೊಂದರ ಜಾಹೀರಾತನ್ನು ಅವನು ಕೊನೆಯವರೆಗೂ ಓದಿದ. ಮೆಕ್ಸಿಕೋದವರು ಆದೋನಿಯಲ್ಲಿ ಮದುವೆ ಮಾಡುವುದಿಲ್ಲವೆಂದು ಮೂವರಿಗೂ ಗೊತ್ತಿತ್ತು. ಆಮೇಲೆ ಕೊಯ್ದ ಹಾಳೆಯ ಅಂಚನ್ನು ಬೆಳಕಿಗೆ ಹಿಡಿದು ನೋಡಿ, "ನಮ್ಮ ಶೆಡ್ಡಿನಾಗ ಪ್ಯಾಕ್ ಮಾಡಿದಂಗ ಐತಿ" ಎಂದ. ನನಗೆ ನಗು ಒತ್ತರಿಸಿ ಬರುತ್ತಿತ್ತು. ಅವನ ಮುಖ ನೋಡಿದೆ. ಅಯ್ಯೋ ಪಾಪ ಅನ್ನಿಸಿತು.

ಉಳಿದ ನಾಲ್ಕನ್ನೂ ಒಮ್ಮೆ ಅಲ್ಲಾಡಿಸಿ ನೋಡೋಣ ಎಂದು ಶೈಲಜಾ ಮೆಲ್ಲಗೆ ಹೇಳಿದಳು. ಅವನು ಬೀರುವಿಗೆ ಬೀಗ ಜಡಿದು ಕೀಲಿಯನ್ನು ಉಡಿದಾರಕ್ಕೆ ಕಟ್ಟಿಕೊಂಡ.

ಮರುದಿನ ಮತ್ತೆ ಕುರುಗೋಡು. ಈ ಸಲ ಅವನ ಜೇಬಿನಲ್ಲಿ ಕಪ್ಪು ಬಣ್ಣ ಬಳಿದ ಗುಂಡನೆಯ ಗಾಲಿಯಿತ್ತು. ಉಚ್ಚೆಂಗೆಮ್ಮ ಅದನ್ನು ಅಂಗೈಯಲ್ಲಿಟ್ಟುಕೊಂಡು ಸೆರಗಿನಿಂದ ಉಜ್ಜಿದಳು. ಬಣ್ಣ ಹೋಗಿ ಹಿತ್ತಾಳೆ ಕಂಡಿತು, ಅದರ ಮೇಲೆ ಇಂಗ್ಲಿಷ್ ಅಕ್ಷರಗಳು. ಆಕೆಗೆ ಓದು ಬರುವುದಿಲ್ಲ; ಓದುವ ಅಗತ್ಯವೂ ಬೀಳಲಿಲ್ಲ. ಇದು ಪ್ಯಾಂಟಿನ ಗುಂಡಿ, ಮೊಮ್ಮಗನದೊಂದು ಬಿದ್ದುಹೋಗಿತ್ತು, ಇಟ್ಟುಹೋಗು ಎಂದು ಸಿಟ್ಟಿಲ್ಲದೆ ಹೇಳಿ ಗುಂಡಿಯನ್ನು ಟಿವಿಯ ಪಕ್ಕದಲ್ಲಿಟ್ಟಳು. ಆಮೇಲೆ ಅವನ ಕಡೆ ತಿರುಗಿದಳು.

"ನಿನ್ನ ಡಬ್ಬ್ಯಾಗ ಗಾಲಿ ಅದಾವೋ ಇಲ್ಲೋ ತಮ್ಮಾ?"

ಲೇಬಲ್ಲಿನವನು ಉಡಿದಾರ ಮುಟ್ಟಿಕೊಂಡ. ಒಂದು ಸುಳ್ಳಾದರೂ ಬಂದೀತೆಂದು ನಾನು ಕಾದೆ.

"ಗೊತ್ತಿಲ್ಲಮ್ಮಾ" ಎಂದ.

ಮುದುಕಿ ತನ್ನ ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು ಮುಚ್ಚಳ ತೆಗೆದಳು. ರೇಷನ್ ಕಾರ್ಡು, ಪೆನ್ಷನ್ ಪುಸ್ತಕ, ಚಂದ್ರಣ್ಣನ ಲೈಸೆನ್ಸು, ಎಲ್ಲವನ್ನೂ ಮುಟ್ಟಿ ನೋಡಿ ಮತ್ತೆ ಮುಚ್ಚಿದಳು.

"ನಾನಾದ್ರ ದಿನಾ ತಗದು ನೋಡತೀನಪ್ಪ" ಎಂದಳು.